ಸೂತು, ಸೋತು

ಅದು ಶುರುವಾದದ್ದು ಮಾಘದ ಕೊನೆಗೆ, ಬಿಳಿಜೋಳ ಕೊಯ್ದು ಹೊಲಗಳೆಲ್ಲ ಬರಿದಾಗಿದ್ದಾಗ, ಬಿಸಿಲು ಇನ್ನೂ ಮೈಗೆ ಹಿತವಾಗಿದ್ದ ಮುಂಜಾನೆಯ ಹೊತ್ತಿಗೆ. ಕಮಲಾಪುರದ ಮಡ್ಡಿಯ ಮೇಲೆ ನಿಂತ ಕಲ್ಲಿನ ಹತ್ತಿರ ಸರ್ಕಾರದ ಮನುಷ್ಯನೊಬ್ಬ ದಾರ ಹಿಡಿದು ಓಡಾಡುತ್ತಿದ್ದಾನೆ ಎಂದು ಯಾರೋ ಹೇಳಿದ್ದೇ ತಡ, ದೌಲಪ್ಪ ಅರ್ಧ ರೊಟ್ಟಿ ಬಿಟ್ಟು ಎದ್ದ. ಕಲ್ಲೇನು ಎದ್ದು ಓಡ್ತದೇನ್ರಿ, ಉಂಡು ಹೋಗ್ರಿ ಎಂದು ಹೆಂಡತಿ ಚಂದಮ್ಮ ಅಂದದ್ದು ಅವನ ಕಿವಿಗೆ ಬೀಳಲಿಲ್ಲ. ಸುತ್ತ ಎಲ್ಲ ಕುಂಕುಮ ಚೆಲ್ಲಿದಂಥ ಕೆಂಪು ನೆಲ, ನಡುವೆ ಅದೊಂದೇ ಕರಿಕಲ್ಲು. ಆಳಿಗಿಂತ ಮೊಳ ಎತ್ತರ. ಮೈಮೇಲೆ ಒಂದು ಅಕ್ಷರವಿಲ್ಲ, ಒಂದು ಮೂರ್ತಿಯಿಲ್ಲ. ಏಳು ಮಂದಿ ಅಕ್ಕತಂಗಿಯರು ನೀರು ಹೊತ್ತು ಬರುವಾಗ ಕಿರಿಯವಳು ಕೊಡ ಇಳಿಸಿ ಹಿಂದಿರುಗಿ ನೋಡಿದಳಂತೆ, ನೋಡಿದವಳು ಹಾಗೇ ನಿಂತುಬಿಟ್ಟಳಂತೆ, ಕೊಡ ಮಾತ್ರ ನೆಲದೊಳಗೆ ಇಳಿದು ಇನ್ನೂ ತುಳುಕುತ್ತಲೇ ಇದೆಯಂತೆ. ಊರಿನ ಹೆಂಗಸರು ಹೇಳುತ್ತಿದ್ದದ್ದು ಇದು. ದೌಲಪ್ಪನ ಅಪ್ಪ ಇದನ್ನು ಸುಳ್ಳೆನ್ನುತ್ತಿರಲಿಲ್ಲ, ಆದರೆ ಅವನದು ಬೇರೆ ಮಾತು. ನೆಲಕ್ಕೂ ನರಗಳಿವೆ, ಹಿಂದಿನವರು ಆ ನರ ಹುಡುಕಿ ಅದರ ಮೇಲೆ ಕಲ್ಲು ನೆಟ್ಟರು, ವೈದ್ಯ ನಾಡಿಯ ಮೇಲೆ ಬೆರಳಿಟ್ಟ ಹಾಗೆ ಅನ್ನುತ್ತಿದ್ದ. ಬೇವಿನ ಕವಲು ಕಟ್ಟಿಗೆಯ ಎರಡು ತುದಿ ಎರಡು ಮುಷ್ಟಿಯಲ್ಲಿ ಹಿಡಿದು, ಬರಿಗಾಲಿನಲ್ಲಿ, ಬೆಳಗಿನಿಂದ ಹನಿ ನೀರು ಕುಡಿಯದೆ ಕಲ್ಲಿನಿಂದ ಕಲ್ಲಿಗೆ ನಡೆಯುತ್ತಿದ್ದ. ನರದ ಮೇಲೆ ಬಂದಾಗ ಕಟ್ಟಿಗೆಯ ಮೂತಿ ಕೆಳಗೆ ಬಾಗುತ್ತಿತ್ತು, ಕರು ನೀರಿನ ಬಾನಿಗೆ ಬಾಯಿ ಹಾಕಿದ ಹಾಗೆ. ದೌಲಪ್ಪನಿಗೆ ಮೀಸೆ ಚಿಗುರುವ ವಯಸ್ಸಿನಲ್ಲಿ ಅಪ್ಪ ಅವನ ಕೈಯಲ್ಲಿ ಕಟ್ಟಿಗೆ ಇಟ್ಟು, ಹೊರಗಿನಿಂದ ತನ್ನ ಕೈ ಮುಚ್ಚಿ ನಡೆಸಿದ್ದ. ಗಾಳಕ್ಕೆ ಮೀನು ಬಿದ್ದಾಗಿನ ಜಗ್ಗು. ಅದು ತನ್ನ ಕೈಯದೋ ಅಪ್ಪನ ಕೈಯದೋ ಎಂದು ಇವತ್ತಿಗೂ ಅವನಿಗೆ ಗೊತ್ತಾಗಿರಲಿಲ್ಲ.

ಮಡ್ಡಿಯ ಮೇಲಿದ್ದವನು ಫಕ್ರುದ್ದೀನ್. ಕಲಬುರಗಿಯ ಒಂದು ಕಚೇರಿಯ ಮುನ್ಶಿ, ಮೂವತ್ತರ ಆಸುಪಾಸಿನವನು, ತೆಳ್ಳಗಿನವನು, ಕನ್ನಡವನ್ನು ಎಣಿಸಿ ಎಣಿಸಿ ಆಡುವವನು. ಹಳೆಯ ಕಲ್ಲುಗಳನ್ನೆಲ್ಲ ಬರೆದುಕೊಂಡು ಬಾ ಎಂದು ಅವನನ್ನು ಕಳಿಸಿದ್ದರು. ಬರೆಯುವುದು ಬಿಟ್ಟು ಅವನಿಗೆ ತನ್ನದೇ ಒಂದು ಹುಚ್ಚು ಹತ್ತಿತ್ತು. ಈ ಕಲ್ಲು, ಇಳಿಜಾರಿನ ಮೇಲಿನ ಇನ್ನೊಂದು ಮುರಿದ ಕಲ್ಲು, ಬಾಳೆತೋಟದ ಅಂಚಿನ ಮೂರನೆಯದು, ಈ ಮೂರೂ ಒಂದೇ ಗೆರೆಗೆ ಬೀಳುತ್ತವೆಯೇ ಎಂದು. ಮುತ್ಯಾ, ಸ್ವಲ್ಪ ಸೂತು ಹಿಡೀರಿ ಎಂದು ದಾರದ ಒಂದು ತುದಿ ದೌಲಪ್ಪನ ಕೈಗೆ ಕೊಟ್ಟ. ಹಿಡಿದ. ದಾರ ಬಿಗಿಯಾಯಿತು. ಅತ್ತ ಫಕ್ರುದ್ದೀನ್ ಒಂದು ಕಣ್ಣು ಮುಚ್ಚಿ ನೋಡಿದ, ನಕ್ಕ, ಕೈ ಎತ್ತಿದ. ಮೂರೂ ಕಲ್ಲು ಒಂದೇ ಸೂತಿನ ಕೆಳಗೆ. ದೌಲಪ್ಪನ ಬೆರಳಿನಲ್ಲಿ ದಾರ ಸಣ್ಣಗೆ ನಡುಗುತ್ತಿತ್ತು. ಗಾಳಿಯೇ ಇರಬೇಕು. ಎಂಟು ವರ್ಷದ ಮೇಲೆ ಅವನ ಕೈಯಲ್ಲಿ ಏನೋ ನಡುಗಿದ್ದು ಅದೇ ಮೊದಲು. ಆಮೇಲೆ ನೆರಳಿಗೆ ಕೂತು ಫಕ್ರುದ್ದೀನ್ ತೋಟದವರು ಕೊಟ್ಟ ಕೆಂಪು ಬಾಳೆಹಣ್ಣು ಸುಲಿಯುತ್ತ ಕಲ್ಲಿನ ಕತೆ ಕೇಳಿದ, ದೌಲಪ್ಪ ಹೇಳಿದ, ಏಳು ಮಂದಿ ಅಕ್ಕತಂಗಿಯರದೂ ಹೇಳಿದ, ಅಪ್ಪನ ನರದ ಮಾತೂ ಹೇಳಿದ. ಮುನ್ಶಿ ಉರ್ದುವಿನಲ್ಲಿ ಬಲದಿಂದ ಎಡಕ್ಕೆ ಸರಸರ ಬರೆದ. ಹೆಬ್ಬೆಟ್ಟು ಒತ್ತೆಂದ, ದೌಲಪ್ಪ ಒತ್ತಿದ. ಅಷ್ಟೇ ಆದದ್ದು.

ಯುಗಾದಿ ಕಳೆದು ಎಂಟು ದಿನಕ್ಕೆ ಚಾವಡಿಯಲ್ಲಿ ಪಟವಾರಿ ಕಾಗದ ಓದಿದ. ನಿಂತ ಕಲ್ಲಿನ ಬುಡದಲ್ಲಿ ನೀರಿನ ಸೆಲೆ ಇದೆಯೆಂದು ಊರಿನ ಹಿರಿಯ ದೌಲಪ್ಪ ಹೇಳಿಕೆ ಕೊಟ್ಟಿದ್ದಾನೆ, ಅದರ ಮೇಲಿಂದ ಅಲ್ಲಿ ಊರಿಗೊಂದು ಬಾವಿ ತೋಡಿಸತಕ್ಕದ್ದು ಎಂದು. ಎಲ್ಲರೂ ತಿರುಗಿ ನೋಡಿದರು. ಪಟೇಲ ತನ್ನ ಪಕ್ಕದಲ್ಲಿ ಜಮಖಾನೆಯ ಮೇಲೆ ಜಾಗ ಮಾಡಿಕೊಟ್ಟ. ಎಂಟು ವರ್ಷದಿಂದ ಚಾವಡಿಯ ಕಂಬಕ್ಕೆ ಆನಿಕೊಂಡು ನಿಲ್ಲುತ್ತಿದ್ದ ದೌಲಪ್ಪ ಹೋಗಿ ಅಲ್ಲಿ ಕೂತ. ನಾ ಹಾಗಂದಿಲ್ಲ ಅನ್ನಲಿಕ್ಕೆ ಬಾಯಿ ತೆರೆದಾಗ ಯಾರೋ ಎಲೆಅಡಿಕೆ ಕೊಟ್ಟರು, ಬಾಯಿಗೆ ಅದನ್ನೇ ಹಾಕಿಕೊಂಡ. ಅಂದಿರಲಿಲ್ಲವೇ? ನಡೆದು ಮನೆಗೆ ಬರುವಾಗ ನೆನೆಸಿಕೊಂಡ. ಕೊಡ ಇನ್ನೂ ತುಳುಕುತ್ತದೆ ಎಂದದ್ದು ನಿಜ. ನರ ಹರಿದಿದೆ ಎಂದದ್ದು ನಿಜ. ಬಾಳೆಹಣ್ಣಿನ ಸಿಪ್ಪೆ ನೋಡುತ್ತ, ಕೇಳುವವನೊಬ್ಬ ಸಿಕ್ಕಿದನೆಂಬ ಹುರುಪಿನಲ್ಲಿ, ನೀರು ಅದ ಎಂದೂ ಒಂದು ಮಾತು ಬಾಯಿಂದ ಜಾರಿತ್ತೇನೋ. ಒಮ್ಮೆ ಸುಳ್ಳಾಡಿದ ಕೈ ಇದು. ನಾಲಿಗೆಯನ್ನಾದರೂ ಹೇಗೆ ನಂಬುವುದು?

ಮಲ್ಲಣ್ಣ ಎಂಬ ವಡ್ಡರ ಹಿರಿಯ ತನ್ನ ಮಂದಿಯೊಂದಿಗೆ ಬಂದು ಕಲ್ಲಿನಿಂದ ಎಂಟು ಹೆಜ್ಜೆ ಮೂಡಲಿಗೆ ಹಾರೆ ಹಾಕಿದ. ಮಡ್ಡಿಯ ಮೇಲೆ ಮನೆ ಇದ್ದದ್ದು ಪಿಂಜಾರ ರೋಷನಬಿಯದೊಂದೇ, ಆಚೀಚೆ ನಾಲ್ಕು ಗುಡಿಸಲು. ದಿನಕ್ಕೆ ಮೂರು ಸಲ ಕಣಿವೆಗೆ ಇಳಿದು ನೀರು ಹೊತ್ತು ಹತ್ತಿ ಅವಳ ಎಡಭುಜ ಬಲಭುಜಕ್ಕಿಂತ ಕೆಳಗಿಳಿದಿತ್ತು. ಹಾರೆ ಬಿದ್ದ ದಿನ ಅವಳು ಬಟ್ಟಲಲ್ಲಿ ಮಲೀದಾ ತಂದಳು. ರೊಟ್ಟಿ ಮುರಿದು ಬೆಲ್ಲ ಬೆರೆಸಿ ಹಿಡಿಹಿಡಿ ಮುದ್ದೆ ಮಾಡಿದ್ದು. ಕಾಕಾ, ಮೊದಲ ತುತ್ತು ನಿಂದೇ ಎಂದಳು. ತಿಂದ. ಕುಸನೂರಿನ ಬುತ್ತಿ ನೆನಪಾಯಿತು. ಎಂಟು ವರ್ಷದ ಹಿಂದೆ ಅಲ್ಲಿ ದೌಲಪ್ಪ ಕಟ್ಟಿಗೆ ಹಿಡಿದು ಜಾಗ ತೋರಿಸಿದ ಬಾವಿಯ ತೋಡಿಕೆ ನಿಂತ ದಿನ, ಬಾವಿಯ ಒಡೆಯ ಗುಲಾಮ್ ರಸೂಲ್ ಬುತ್ತಿ ಕಟ್ಟಿಕೊಟ್ಟಿದ್ದ. ಎರಡು ರೊಟ್ಟಿ, ಪುಂಡಿಪಲ್ಯ, ಮೇಲೊಂದು ಉಳ್ಳಾಗಡ್ಡಿ. ಐದು ಆಳುದ್ದ ತೋಡಿದರೂ ಬಾವಿಯಲ್ಲಿ ಬಿದ್ದದ್ದು ತೋಡಿದವರ ಬೆವರೊಂದೇ. ಆದರೂ ಬುತ್ತಿ ಕಟ್ಟಿದ, ಒಂದು ಮಾತಾಡಲಿಲ್ಲ, ಊರ ಹೊರಗಿನ ಹುಣಸೆಮರದ ತನಕ ಬಂದು ಕಳಿಸಿದ. ಬೈದಿದ್ದರೆ ಬಟ್ಟೆ ಕೊಡವಿ ಹೋಗಬಹುದಿತ್ತು. ಅಂದಿನಿಂದ ಕಟ್ಟಿಗೆ ತಿರುಗಿರಲಿಲ್ಲ. ತುಂಬಿದ ಬಾವಿಯ ಕಟ್ಟೆಯ ಮೇಲೆ ಹಿಡಿದರೂ ಅದು ಕಟ್ಟಿಗೆಯೇ. ಜಂತಿಯಲ್ಲಿ ಸಿಕ್ಕಿಸಿಟ್ಟಿದ್ದ. ಕಲಬುರಗಿಗೆ ಹೋದರೆ ಗಂಜಿನ ಪೇಟೆಯಲ್ಲಿ ಕುಸನೂರಿನವರ ದನಿ ಕೇಳಿದಾಗಲೆಲ್ಲ ತೊಗರಿಯ ಚೀಲಗಳ ಹಿಂದೆ ಕೂತು, ಕಾಲಿಗೆ ಮುಳ್ಳು ಚುಚ್ಚಿದವನಂತೆ ಅಂಗಾಲು ನೋಡಿಕೊಳ್ಳುತ್ತಿದ್ದ.

ಕುಣಿ ಎರಡು ಆಳು ಇಳಿಯಿತು. ಕೆಂಪು ಕಲ್ಲು, ಅದರ ಕೆಳಗೆ ಇನ್ನೂ ಕೆಂಪು ಕಲ್ಲು. ದೌಲಪ್ಪ ದಿನಾ ಹೋಗಿ ದಂಡೆಯ ಮೇಲೆ ಕೂರುತ್ತಿದ್ದ, ಮಲ್ಲಣ್ಣ ಕೆಳಗಿನಿಂದ ಒಂದು ಹೆಂಟೆ ಎಸೆದು ಕೈಯಲ್ಲಿ ಹಿಚುಕಿ ನೋಡೆನ್ನುತ್ತಿದ್ದ. ಹಿಚುಕಿದರೆ ಪುಡಿ. ಇನ್ನಷ್ಟು ಹೋಗ್ಲಿ ಬಿಡು ಎಂದು ತಾನೇ ಎರಡು ಸಲ ಅಂದ. ಮೂರನೆಯ ಸಲ ಆ ಮಾತು ಅಪ್ಪನ ದನಿಯಲ್ಲಿ ಕೇಳಿಸಿತು. ಅವತ್ತೇ ಸಂಜೆ ದೀಪ ಹಚ್ಚುವ ಮುಂಚೆ ಚಂದಮ್ಮ ಕೇಳಿದಳು.

“ಕಲ್ಲಿನ ಬುಡಕ್ಕ ನೀವು ಕಟಗಿ ಹಿಡದಿದ್ರೇನ್ರಿ?”

“ಇಲ್ಲ.”

“ಹಂಗಾರ ಯಾವ ಬಾಯಿಲೆ ಆಕಿ ಮಲೀದಾ ತಿಂದ್ರಿ?”

ಅವಳು ಅದನ್ನು ಸಿಟ್ಟಿನಿಂದ ಕೇಳಲಿಲ್ಲ. ಒಲೆಯ ಮುಂದೆ ಕೂತು, ರೊಟ್ಟಿ ತಟ್ಟುತ್ತ, ನಾಳೆ ಎಷ್ಟು ರೊಟ್ಟಿ ಬೇಕು ಎಂದು ಕೇಳುವ ಹಾಗೆ ಕೇಳಿದಳು. ಮುಂಜಾನೆ ಕೇಳದೆಯೇ ಬುತ್ತಿ ಕಟ್ಟಿಟ್ಟಿದ್ದಳು.

ಬಾಳೆಗೊನೆಯ ಬಂಡಿ ಕಲಬುರಗಿಗೆ ಹೊರಟಿತ್ತು, ಗೊನೆಗಳ ನಡುವೆ ಮೊಳಕಾಲು ಮಡಚಿ ಕೂತ. ಸಂಜೆಗೆ ಊರು ಮುಟ್ಟಿ, ಶರಣಬಸಪ್ಪನ ಗುಡಿಯ ದಾಸೋಹದಲ್ಲಿ ಪಂಕ್ತಿಗೆ ಕೂತು ಉಂಡ. ಬಡಿಸುವವನು ಇನ್ನಷ್ಟು ಹಾಕಲೇನು ಎಂದು ಕೇಳಿದಾಗ ಬೇಡ ಅನ್ನಲಾಗಲಿಲ್ಲ. ತಾನು ಕೇಳದಿದ್ದರೂ ಕೊಡುವವರ ಎದುರು ಯಾವಾಗಲೂ ಹೀಗೇ ಕೈಯೊಡ್ಡುತ್ತೇನೆ ಅನಿಸಿತು. ಮರುದಿನ ಕಚೇರಿಯ ಜಗಲಿಯಲ್ಲಿ ಎರಡು ತಾಸು ಕಾಯಿಸಿದರು. ಚಪ್ಪಲಿ ಇಲ್ಲದ ಕಾಲು ನೋಡಿ ಜವಾನ ಕೆಳಗಿನ ಮೆಟ್ಟಿಲು ತೋರಿಸಿದ, ಅಲ್ಲಿ ಕೂತ. ಫಕ್ರುದ್ದೀನ್ ಹೊರಗೆ ಬಂದವನು ಗುರುತು ಹಿಡಿದು, ಜವಾನನಿಗೆ ಏನೋ ಅಂದು, ಅವನನ್ನು ಒಳಗೆ ಕರೆದೊಯ್ದು ತನ್ನ ಚಾಪೆಯ ಮೇಲೆ ಕೂಡಿಸಿಕೊಂಡ. ದೌಲಪ್ಪ ಹಾದಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತೆಲ್ಲ ಮರೆತು ಒಂದೇ ಕೇಳಿದ, ನೀರದ ಅಂತ ನಾ ಯಾವಾಗ ಅಂದೆ ಎಂದು. ಫಕ್ರುದ್ದೀನನಿಗೆ ಅರ್ಥವಾಗಲಿಲ್ಲ. ಬಾವಿಯ ಹುಕುಮು ಹೊರಟದ್ದು ಒಳಗಿನ ಕೋಣೆಯವರಿಂದ, ಅವನಿಗೆ ಅದರ ಗಾಳಿಯೂ ಬೀಸಿರಲಿಲ್ಲ. ಹುಡುಕಿಸಿ ತನ್ನ ಬರಹ ತರಿಸಿದ, ಬೆರಳಿಟ್ಟು ಓದಿದ, ಒಂದು ಕಡೆ ಬೆರಳು ನಿಂತಿತು. ಆಮೇಲೆ ಅವನು ನಕ್ಕ, ಆ ನಗೆ ಅರ್ಧಕ್ಕೇ ನಿಂತುಹೋಯಿತು.

ಅವನು ಹೇಳಿದ್ದು ದೌಲಪ್ಪನಿಗೆ ಎರಡು ಸಲ ಕೇಳಿದ ಮೇಲೆ ತಿಳಿಯಿತು. ಮೂರು ಕಲ್ಲಿಗೆ ಒಂದೇ ಸೂತು, ಇದಕ್ಕೆ ಊರ ಹಿರಿಯನೂ ಸಾಕ್ಷಿ ಎಂದು ಫಕ್ರುದ್ದೀನ್ ಬರೆದಿದ್ದ. ಸೂತು ಅಂದರೆ ದಾರ. ಅವರ ಉರ್ದುವಿನಲ್ಲಿ ಸೋತು ಅಂದರೆ ನೆಲದೊಳಗಿನ ಒರತೆ. ಬರೆದರೆ ಎರಡಕ್ಕೂ ಅವೇ ಮೂರು ಅಕ್ಷರ. ಮೇಲೆ ಪೇಶ್ ಎಂಬ ಸಣ್ಣದೊಂದು ಕೊಕ್ಕೆ ಹಾಕಿದರೆ ಸೂತು, ಹಾಕದಿದ್ದರೆ ಓದುವವನ ಇಷ್ಟ. ಬರೆಯುವ ಅವಸರದಲ್ಲಿ ಆ ಕೊಕ್ಕೆ ಯಾರು ಹಾಕುತ್ತಾರೆ? ಓದಿದವರಿಗೆ ಕಲ್ಲಿನ ಕೆಳಗೆ ದಾರ ಇರುವುದಕ್ಕಿಂತ ನೀರು ಇರುವುದೇ ಸರಿ ಕಂಡಿತ್ತು. ನಮ್ಮಾಗ ಸೋತು ಅಂದ್ರ ಬ್ಯಾರೇನೇ ಅದರಿ ಎಂದು ದೌಲಪ್ಪ ಮೆಲ್ಲಗೆ ಅಂದ. ಏನೆಂದು ಫಕ್ರುದ್ದೀನ್ ಕೇಳಿದ. ಗೆಲ್ಲದೆ ಹೋಗೋದು ಎಂದ.

ಈಗ ಪೇಶ್ ಹಾಕಿ ಮೇಲೆ ಒಂದು ತಪ್ಪೊಪ್ಪಿಗೆ ಬರೆದರೆ ಬಾವಿ ನಿಲ್ಲುತ್ತದೆ, ನಿಲ್ಲಿಸುವ ಕಾಗದ ಹೋಗಿ ಮುಟ್ಟಲು ಹತ್ತು ದಿನ ಹಿಡಿಯುತ್ತದೆ ಎಂದ ಫಕ್ರುದ್ದೀನ್. ಸುಮ್ಮನಿದ್ದರೆ ನೀರು ಬಂದರೂ ಬಂದೀತು, ಬರದಿದ್ದರೆ ನಿನ್ನ ಹೆಸರೂ ನನ್ನ ಹೆಸರೂ ಒಂದೇ ಕುಣಿಯಲ್ಲಿ. ನಿನ್ನ ಹೆಬ್ಬೆಟ್ಟು ಇದೆ, ನೀನು ಹೇಳಿದ ಹಾಗೆ ಮಾಡುತ್ತೇನೆ ಎಂದ. ಲೇಖನಿ ಕೈಯಲ್ಲಿ ಹಿಡಿದು ಕಾದ. ದೌಲಪ್ಪನಿಗೆ ಅವನ ಮಣಿಕಟ್ಟು ಕಂಡಿತು, ತೆಳ್ಳಗಿನದು, ನೀಲಿ ನರದ್ದು. ಅವತ್ತು ಕುಸನೂರಿನಲ್ಲಿ, ಕಟ್ಟಿಗೆ ಹಿಡಿದ ತನ್ನ ಹಿಂದೆ ಹನ್ನೊಂದು ಮಂದಿ ಬರುತ್ತಿದ್ದರು. ಅಲ್ಲಿಂದ ಇಲ್ಲಿಗೆ ನಾಲ್ಕು ಸಲ ನಡೆದಿದ್ದ, ಬಿಸಿಲು ನೆತ್ತಿಗೆ ಬಂದಿತ್ತು, ಯಾರೋ ಆಕಳಿಸಿದರು, ಯಾರೋ ಇವರಪ್ಪ ಇದ್ದಿದ್ದರೆ ಇಷ್ಟೊತ್ತಿಗೆ ನೀರು ಕುಡಿಸುತ್ತಿದ್ದ ಎಂದರು. ಆಗ ಹೆಬ್ಬೆರಳು ಒಳಕ್ಕೆ ತಿರುಗಿತು. ಅಷ್ಟೇ, ಕೂದಲೆಳೆಯಷ್ಟು. ಕಟ್ಟಿಗೆ ಬಾಗಿತು. ಮಂದಿ ಹೋ ಎಂದರು.

“ಸಾಹೇಬ್ರ, ಕುಸನೂರಾಗ ಕಟಗಿ ತಿರುಗಲಿಲ್ರಿ. ನಾ ತಿರುವಿದೆ.”

ಫಕ್ರುದ್ದೀನನಿಗೆ ಕುಸನೂರಿನ ಸಂಗತಿ ಗೊತ್ತಿರಲಿಲ್ಲ, ಏನೆಂದು ಕೇಳಲೂ ಇಲ್ಲ. ತನ್ನ ಬಾಯಿಂದ ಹೊರಬಿದ್ದ ಮಾತು ಚಾಪೆಯ ಮೇಲೆ ಕೂತದ್ದನ್ನು ದೌಲಪ್ಪ ನೋಡುತ್ತಿದ್ದ. ಎಂಟು ವರ್ಷ ಒಳಗೆ ಗುಡ್ಡದಷ್ಟಿದ್ದದ್ದು ಹೊರಗೆ ಬಂದ ಮೇಲೆ ಐದೇ ಮಾತು. ಕೊಕ್ಕೆ ಹಾಕ್ರಿ ಎಂದ. ಮುನ್ಶಿ ಮಸಿಯಲ್ಲಿ ಅದ್ದಿ ಹಾಕಿದ. ಅಕ್ಕಿಕಾಳಿನ ಮೂತಿಯಷ್ಟಿತ್ತು ಅದು.

ಬಂಡಿ ತಿರುಗಿ ಹೊರಡಲು ಹೊತ್ತಿತ್ತು. ದೌಲಪ್ಪ ಬಂಡಿಗೆ ಕಾಯದೆ ಮೂಡಲ ಹಾದಿ ಹಿಡಿದ. ಎರಿಭೂಮಿ ಬಿರಿದಿತ್ತು, ಕಾಲು ತಾನಾಗಿಯೇ ಬಿರುಕು ತಪ್ಪಿಸುತ್ತಿತ್ತು. ಕುಸನೂರಿನ ಹುಣಸೆಮರ ಬಂತು. ಗುಲಾಮ್ ರಸೂಲ್ ಅಂಗಳದಲ್ಲಿ ಕೂತು ಹಗ್ಗ ಹೊಸೆಯುತ್ತಿದ್ದ, ಗಡ್ಡ ಪೂರಾ ಬೆಳ್ಳಗಾಗಿತ್ತು. ತಲೆಯೆತ್ತಿ ನೋಡಿ, ಬಾ ದೌಲಪ್ಪಣ್ಣ, ಕೂಡು ಎಂದ, ನಿನ್ನೆಯಷ್ಟೇ ಹೋದವನಿಗೆ ಹೇಳಿದ ಹಾಗೆ. ಹೆಂಡತಿ ಹಲೀಮಾ ನೀರು ತಂದಿಟ್ಟಳು. ಆ ತಂಬಿಗೆ ಮುಟ್ಟುವ ಮುಂಚೆ ಹೇಳಿಬಿಡಬೇಕು ಎಂದು ದೌಲಪ್ಪ ಕಚೇರಿಯಲ್ಲಿ ಹೇಳಿದ್ದನ್ನೇ ಮತ್ತೊಮ್ಮೆ ಹೇಳಿದ. ಗುಲಾಮ್ ರಸೂಲ್ ಹೊಸೆಯುವುದನ್ನು ನಿಲ್ಲಿಸಲಿಲ್ಲ.

“ನಿನ್ನ ಮಣಿಕಟ್ಟು ನಾ ಅವತ್ತೇ ನೋಡಿದ್ದೆ ಅಣ್ಣಾ.”

“ನೋಡಿ ಮತ್ತ ಯಾಕ ತೋಡ್ಸಿದಿ?”

“ಹನ್ನೊಂದು ಮಂದಿ ನಿಂತಿದ್ರು. ನಿನ್ನ ಮಾರಿ ನೋಡಿದೆ. ಹ್ಯಾಂಗ ಬ್ಯಾಡ ಅನ್ಲಿ?”

ಆಮೇಲೆ ಅವನು ಎದ್ದು, ಬಾ ಎಂದು ಹಿತ್ತಲಿಗೆ ಕರೆದೊಯ್ದ. ಬಾವಿ ಇದ್ದ ಜಾಗದಲ್ಲಿ ನೆಲ ಸಮವಾಗಿತ್ತು, ನಡುವೆ ಒಂದು ಬಂಡೆ, ಸುತ್ತ ಮಣ್ಣು ಮೆತ್ತಿದ್ದು. ಹಗೇವು. ಕೆಳಗಿನ ಎರಡು ಆಳು ಮುಚ್ಚಿ, ಬಾಯಿ ಕಿರಿದು ಮಾಡಿ ಜೋಳ ತುಂಬುವ ಹಗೇವು ಮಾಡಿಕೊಂಡಿದ್ದರು. ಹಗೇವಿಗೆ ಬೇಕಾದದ್ದೇ ತೇವವಿಲ್ಲದ ನೆಲ, ಇಂಥ ಒಣ ನೆಲ ಊರಿನಲ್ಲಿ ಇನ್ನೊಂದಿಲ್ಲ ಎಂದ. ಮೊದಲ ವರ್ಷ ಹುಲ್ಲು ಸರಿಯಾಗಿ ಹಾಸದೆ ಒಂದಿಷ್ಟು ಮುಗ್ಗಿತು, ಆಮೇಲೆ ಕಲಿತೆವು. ದೊಡ್ಡ ಜ್ವರ ಬಂದ ವರ್ಷ ಹೊಲಕ್ಕೆ ಹೋಗಲು ಊರಿನಲ್ಲಿ ಎದ್ದು ನಿಲ್ಲುವವರಿರಲಿಲ್ಲ, ಇಡೀ ಓಣಿ ಇದರ ಬಾಯಿ ತೆಗೆದು ಉಂಡಿತು ಎಂದ. ನೀ ಈ ಕಡಿ ಬರ್ಲೇ ಇಲ್ಲ, ಹೇಳೋದು ಯಾರಿಗೆ ಎಂದ. ದೌಲಪ್ಪ ಬಂಡೆಯ ಮೇಲೆ ಅಂಗೈ ಇಟ್ಟ. ಬಿಸಿಲಿಗೆ ಕಾದಿತ್ತು. ತನ್ನ ಸುಳ್ಳನ್ನು ಇವರು ಉಂಡಿದ್ದರು, ಅರಗಿಸಿಕೊಂಡಿದ್ದರು, ತಾನೊಬ್ಬನೇ ಅದನ್ನು ನುಂಗದೆ ಉಗುಳದೆ ಬಾಯಲ್ಲಿಟ್ಟುಕೊಂಡು ಚೀಲಗಳ ಹಿಂದೆ ಅಡಗಿದ್ದ. ಅದು ಕ್ಷಮೆ ಎಂದೂ ಅನಿಸಲಿಲ್ಲ. ಸುಳ್ಳು ಸುಳ್ಳಾಗಿಯೇ ಇತ್ತು. ಅದರ ಮೇಲೆ ಯಾರೋ ಹುಲ್ಲು ಹಾಸಿದ್ದರು, ಅಷ್ಟೇ. ಹಲೀಮಾ ತಂದ ನೀರು ಆಗ ಕುಡಿದ, ತಂಬಿಗೆ ಪೂರಾ. ಹೊರಡುವಾಗ ಬುತ್ತಿ ಕಟ್ಟಿಕೊಟ್ಟರು. ಈ ಸಲವೂ ಉಳ್ಳಾಗಡ್ಡಿ ಇತ್ತು. ಹುಣಸೆಮರದ ತನಕ ಬಂದ ಗುಲಾಮ್ ರಸೂಲ್, ಹಾದಿ ಮರಿಬ್ಯಾಡ ಎಂದ.

ಕಮಲಾಪುರದ ಮಡ್ಡಿಯನ್ನು ಅವನು ಮರುದಿನ ಮಧ್ಯಾಹ್ನ ನಡೆದೇ ಹತ್ತಿದ. ಮನೆಗೂ ಹೋಗಲಿಲ್ಲ. ಕುಣಿ ಮೂರು ಆಳು ದಾಟಿತ್ತು, ಮಲ್ಲಣ್ಣನ ಮಂದಿ ನೆರಳಿಗೆ ಕೂತು ಉಣ್ಣುತ್ತಿದ್ದರು, ರೋಷನಬಿ ಕಣಿವೆಯಿಂದ ತಂದ ಕೊಡ ಆಗಷ್ಟೇ ಇಳಿಸಿದ್ದಳು. ನಿಂತ ಕಲ್ಲಿಗೆ ಬೆನ್ನು ಮಾಡಿ ನಿಂತು ಹೇಳಿದ. ನಾನು ಇಲ್ಲಿ ಕಟ್ಟಿಗೆ ಹಿಡಿದಿಲ್ಲ, ಹಿಡಿದರೂ ನನ್ನ ಕೈಯಲ್ಲಿ ಈಗ ತಿರುಗುವುದಿಲ್ಲ, ಕಾಗದ ತಪ್ಪು ಓದಿದ್ದಾರೆ, ನಿಲ್ಲಿಸುವ ಹುಕುಮು ಹತ್ತು ದಿನಕ್ಕೆ ಬರುತ್ತದೆ. ಮಲ್ಲಣ್ಣ ತುತ್ತು ನುಂಗಿ, ಬರಲಿ, ಬಂದಾಗ ನಿಲ್ಲಿಸೋಣ, ನಮಗೆ ತೋಡು ಎಂದವರು ಇನ್ನೂ ಬೇಡ ಎಂದಿಲ್ಲವಲ್ಲ ಎಂದ. ಒಬ್ಬ, ಮುತ್ಯಾಗ ಬಿಸಿಲು ಬಡದದ ಎಂದು ನಕ್ಕ. ರೋಷನಬಿ ನಗಲಿಲ್ಲ. ಸಿಂಬಿಯನ್ನು ತಲೆಯಿಂದ ತೆಗೆದು ಕೈಯಲ್ಲಿ ಹಿಡಿದು ಅವನ ಹತ್ತಿರ ಬಂದಳು. ಮಲೀದಾ ವಾಪಸು ಕೇಳುತ್ತಾಳೆ ಎಂದು ಅವನಿಗೆ ಒಂದು ಗಳಿಗೆ ಹುಚ್ಚು ಹುಚ್ಚಾಗಿ ಅನಿಸಿತು.

“ನೀರದ ಅಂತ ನೀ ಹೇಳಿಲ್ಲ. ಆತು ಕಾಕಾ. ನೀರಿಲ್ಲ ಅಂತಾದ್ರೂ ನಿನಗ ಯಾರು ಹೇಳ್ಯಾರ?”

ದೌಲಪ್ಪ ಬದುಕಿನುದ್ದಕ್ಕೂ ಇದೆ ಅಥವಾ ಇಲ್ಲ ಎನ್ನುವವನಾಗಿಯೇ ಮಂದಿಯ ಮುಂದೆ ನಿಂತವನು. ಗೊತ್ತಿಲ್ಲ ಎಂಬ ಮೂರನೆಯದೊಂದು ಇದೆ ಎಂದು ಅಪ್ಪ ಕಲಿಸಿರಲಿಲ್ಲ. ಕಲ್ಲಿನ ನೆರಳು ಅವನ ಪಾದದ ಮೇಲೆ ಬಿದ್ದಿತ್ತು. ಕುಣಿಯ ದಂಡೆಗೆ ಹೋಗಿ, ಮೇಲೆ ಬರುವ ಬುಟ್ಟಿಯ ಹಗ್ಗಕ್ಕೆ ಕೈ ಹಾಕಿ ಜಗ್ಗತೊಡಗಿದ. ಹತ್ತು ದಿನವೂ ಜಗ್ಗಿದ. ಅಂಗೈಯಲ್ಲಿ ಗುಳ್ಳೆಗಳೆದ್ದು ಒಡೆದವು, ಚಂದಮ್ಮ ಬೆಣ್ಣೆ ಹಚ್ಚಿದಳು.

ಒಂಬತ್ತನೆಯ ದಿನ ಮಲ್ಲಣ್ಣ ಕೆಳಗಿನಿಂದ ಒಂದು ಹೆಂಟೆ ಎಸೆದ. ಹಿಚುಕಿದರೆ ಪುಡಿಯಾಗಲಿಲ್ಲ, ಕೈಗೆ ಅಂಟಿತು. ಸಂಜೆಗೆ ಮೂಲೆಯಲ್ಲಿ ಒಂದು ಹಿಡಿ ನೀರು, ಮಣ್ಣಿನ ಬಣ್ಣದ್ದು. ಮರುದಿನ ಬೆಳಿಗ್ಗೆ ಮೊಗೆದರೆ ಸರಿಯಾಗಿ ಎರಡು ಕೊಡ. ಅವತ್ತೇ ನಡುಮಧ್ಯಾಹ್ನಕ್ಕೆ ನಿಲ್ಲಿಸುವ ಕಾಗದ ಬಂತು. ಮಲ್ಲಣ್ಣ ಇನ್ನೆರಡು ಮೊಳ ಬಿಡಿ ಎಂದು ಪಟೇಲನನ್ನು ಕೇಳಿದ. ಹುಕುಮು ಹುಕುಮೇ. ಸುತ್ತ ಕಲ್ಲು ಕಟ್ಟಿ ಹಾರೆ ಕಟ್ಟಿಕೊಂಡು ಹೋದರು. ದಿನಕ್ಕೆ ಎರಡೇ ಕೊಡ, ಮೂರನೆಯದು ತುಂಬುವುದಿಲ್ಲ. ಬಾಯಿ ಮುಚ್ಚಿಕೊಂಡು ಕೂತಿದ್ದರೆ ಇವತ್ತು ತುಂಬಿದ ಬಾವಿ ಇರುತ್ತಿತ್ತು ಎಂದು ಚಾವಡಿಯಲ್ಲಿ ದೌಲಪ್ಪನ ಎದುರೇ ಆಡಿದರು. ಜಮಖಾನೆಯ ಮೇಲಿನ ಜಾಗವೂ ಹೋಯಿತು, ಮತ್ತೆ ಕಂಬಕ್ಕೆ ಆನಿಕೊಂಡು ನಿಂತ. ಕಂಬ ಬೆನ್ನಿಗೆ ತಣ್ಣಗಿತ್ತು. ಅವರು ಅಂದದ್ದು ನಿಜವೂ ಇರಬಹುದು. ಗೊತ್ತಿಲ್ಲ. ರೋಷನಬಿ ಬೆಳಿಗ್ಗೆ ಒಂದು ಕೊಡ ಮನೆಗೆ ಒಯ್ಯುತ್ತಿದ್ದಳು, ಎರಡನೆಯದನ್ನು ಕಲ್ಲಿನ ನೆರಳಿಗೆ ಇಟ್ಟು ಮೇಲೊಂದು ತಟ್ಟೆ ಮುಚ್ಚುತ್ತಿದ್ದಳು, ಬೀದರಿನ ಹಾದಿಯಲ್ಲಿ ಹೋಗುವವರಿಗೆ. ಅವಳು ಕಣಿವೆಗೆ ಇಳಿಯುವುದು ಮೂರು ಸಲದಿಂದ ಎರಡು ಸಲಕ್ಕೆ ಬಂದಿತ್ತು. ಒಂದು ಸಲ ಕಡಿಮೆಯಾದದ್ದಕ್ಕೆ ಎಷ್ಟು ಹೊತ್ತು ಉಳಿಯುತ್ತದೋ ಅಷ್ಟು ಹೊತ್ತು ಅವಳು ಬಾಗಿಲಲ್ಲಿ ಸುಮ್ಮನೆ ಕಾಲು ಚಾಚಿ ಕೂತಿರುವುದನ್ನು ದೌಲಪ್ಪ ದೂರದಿಂದ ನೋಡುತ್ತಿದ್ದ. ಒಂದು ದಿನ ಯಾರೂ ಇಲ್ಲದಾಗ ಜಂತಿಯಿಂದ ಕಟ್ಟಿಗೆ ಇಳಿಸಿ, ಕೆಳಗೆ ನೀರು ಇರುವುದನ್ನು ಕಣ್ಣಾರೆ ಕಂಡ ಆ ಬಾವಿಯ ಮೇಲೆಯೇ ಹಿಡಿದ. ತಿರುಗಲಿಲ್ಲ. ಎದೆಯೊಳಗೆ ಏನೂ ಕುಸಿಯಲಿಲ್ಲ. ಕೈ ಬರೀ ಕೈಯಾಗಿತ್ತು, ಹಗ್ಗ ಜಗ್ಗಿದ ಕಲೆ ಇದ್ದ ಕೈ. ಕಟ್ಟಿಗೆಯನ್ನು ಒಲೆಗೆ ಹಾಕೆಂದು ಚಂದಮ್ಮನಿಗೆ ಕೊಟ್ಟ. ಅವಳು ಹಾಕಲಿಲ್ಲ, ಬಾಗಿಲಿಗೆ ಅಗಳಿ ಮಾಡಿಕೊಂಡಳು.

ಮುಂಗಾರಿನ ಮೋಡ ಇನ್ನೂ ದೂರವಿದ್ದಾಗ ಒಂದು ಬೆಳಿಗ್ಗೆ ಬಂಡಿಯೊಂದು ಮಡ್ಡಿಯ ಮೇಲೆ ನಿಂತಿತು. ಟ್ರಂಕು, ಹಾಸಿಗೆ, ಪರದೆಯ ಹಿಂದೆ ಹೆಂಡತಿ, ಮುಂದೆ ಫಕ್ರುದ್ದೀನ್. ಬೀದರಿಗೆ ಬದಲಿಯಾಗಿತ್ತು. ರೋಷನಬಿ ಎರಡನೆಯ ಕೊಡದಿಂದ ಒಂದು ತಂಬಿಗೆ ಪರದೆಯೊಳಗೆ ಕೊಟ್ಟಳು, ಒಂದು ಫಕ್ರುದ್ದೀನನಿಗೆ. ಅವನು ಕಲ್ಲಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಮೂರು ಗುಟುಕಿಗೆ ಕುಡಿದ. ಆ ಕೊಕ್ಕೆಯಿಂದಲೇ ನಿಮ್ಮನ್ನು ಕಳಿಸುತ್ತಿದ್ದಾರೇನು ಎಂದು ದೌಲಪ್ಪ ಕೇಳಿದ. ಬೀದರಿನ ಗಾಳಿ ಚಲೋ ಅದ ಅಂತಾರ ಎಂದ ಫಕ್ರುದ್ದೀನ್. ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಎದ್ದು ಬಂಡಿಗೆ ಹೋದವನು ತಿರುಗಿ ಬಂದು, ಕಟ್ಟಿಗೆಯ ತುಂಡಿಗೆ ಸುತ್ತಿದ ದಾರದ ಉಂಡೆಯನ್ನು ದೌಲಪ್ಪನ ಅಂಗೈಯಲ್ಲಿಟ್ಟು ಬೆರಳು ಮಡಚಿಸಿದ, ಹಿಂದೆ ಒಮ್ಮೆ ಅಪ್ಪ ಕಟ್ಟಿಗೆ ಹಿಡಿಸಿ ಮಡಚಿಸಿದ್ದ ಹಾಗೆಯೇ.

“ಸೂತು ನೀವ್ ಇಟ್ಕೊರಿ ಮುತ್ಯಾ. ಸೋತು ನಾ ಕುಡದೀನಿ.”

ದೌಲಪ್ಪ ಕೈ ಜೋಡಿಸಲು ಹೋದರೆ ನಡುವೆ ಉಂಡೆ ಸಿಕ್ಕಿತು, ಅದರ ಸಮೇತವೇ ಜೋಡಿಸಿದ. ಬಂಡಿ ಇಳಿಜಾರಿನ ಮುರಿದ ಕಲ್ಲು ದಾಟಿತು, ಸ್ವಲ್ಪ ಹೊತ್ತು ಗಾಲಿಯ ಸದ್ದು ಕೇಳಿಸಿತು. ರೋಷನಬಿ ತಂಬಿಗೆ ತೊಳೆದು ಕೊಡದ ಮೇಲೆ ಮತ್ತೆ ತಟ್ಟೆ ಮುಚ್ಚಿದಳು. ಫಕ್ರುದ್ದೀನ್ ಮುನ್ಶಿ ಹೋದದ್ದು ಕಾರಹುಣ್ಣಿಮೆಯ ಹಿಂದಿನ ಗುರುವಾರ.